ಬೈತಲೆ ತೆಗೀರಿ

ಗುರುವಾರ, ಮಧ್ಯಾಹ್ನ
ಡಿಸೈನ್ ಕೋಣೆಯಿಂದ

ರೀ,

‘ಪ್ರೀತಿಯ’ ಎಂದು ಬರೆದರೆ ನೀವು ಹುಬ್ಬು ಗಂಟಿಕ್ಕುತ್ತೀರಿ, ‘ಮಾನ್ಯರೇ’ ಎಂದು ಬರೆದರೆ ನನಗೇ ನಗು ಬರುತ್ತದೆ. ಮದುವೆಯಾದಾಗಿನಿಂದ ನಿಮ್ಮನ್ನು ಕರೆದದ್ದು ಈ ಒಂದಕ್ಷರದಲ್ಲಿ. ನಿಮ್ಮದೊಂದು ಮನೆ ನನ್ನದೊಂದು ಮನೆ ಆದ ಮೇಲೂ ಅದು ನನ್ನ ಬಾಯಿ ಬಿಟ್ಟು ಹೋಗಿಲ್ಲ, ಏನು ಮಾಡಲಿ? ನನ್ನ ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೀರಿ. ಅದಕ್ಕೇ ವ್ಯಾನ್ ಡ್ರೈವರ್ ಕೈಯಲ್ಲಿ ಈ ಕಾಗದ. ಅವನು ಕೆಳಗೆ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು, ಬೇಗ ಮುಗಿಸಿ ಅಕ್ಕಾ, ಅದೇನು ಪುರಾಣ ಬರೀತಿದ್ದೀರಾ ಎಂದು ಆಗಲೇ ಕಿಟಕಿಯ ಕಡೆ ಕೂಗಿದ.

ನೀವು ಅವನ ಕೈಯಲ್ಲಿ ಕಳಿಸಿದ ಚೀಟಿ ಮುಟ್ಟಿತು. ಸೋಮವಾರ ಕಾರು ಕಂಪನಿಗೆ ಹೋಗಿ, ಈಗ ಗಾಡಿಗಳಲ್ಲಿ ಓಡಾಡುತ್ತಿರುವ ನಮ್ಮ ಏರ್‌ಬ್ಯಾಗ್ ಕವರುಗಳಲ್ಲಿ ಬೈತಲೆಯೇ ಇಲ್ಲ ಎಂದು ಹೇಳಿಬಿಡುತ್ತೀರಿ ಎಂದಿದ್ದೀರಿ. ಚೀಟಿ ಕೊಡುವಾಗ ಡ್ರೈವರ್, ಏನಕ್ಕಾ, ಕವರಿಗೂ ತಲೆ ಬಾಚ್ತೀರಾ ಎಂದು ಕೇಳಿದ. ದಾರಿಯಲ್ಲಿ ಓದಿದ್ದಾನೆ, ಕಳ್ಳ. ಅರ್ಥವಾಗಿಲ್ಲ, ಪುಣ್ಯ. ನಿಮ್ಮ ಭಾವ ಹಾಗೇ ಮಾತಾಡೋದು ಕಣೋ, ತಲೆ ಕೆಡಿಸ್ಕೋಬೇಡ ಅಂದೆ.

ಹೋಗಬೇಡಿ. ಈ ಕಾಗದದಲ್ಲಿರುವುದು ಅದೊಂದೇ ಮಾತು. ಉಳಿದದ್ದೆಲ್ಲ ಅದಕ್ಕೆ ಹಚ್ಚಿದ ಬೆಣ್ಣೆ ಎಂದುಕೊಂಡರೂ ನನಗೆ ಬೇಜಾರಿಲ್ಲ.

ಮೊದಲು, ಆದದ್ದೇನು ಎನ್ನುವುದನ್ನು ನಾವಿಬ್ಬರೂ ಒಂದೇ ಥರ ನೆನಪಿಟ್ಟುಕೊಳ್ಳೋಣ. ನಾಳೆ ಯಾರಾದರೂ ಕೇಳಿದರೆ ನಿಮ್ಮದೊಂದು ನನ್ನದೊಂದು ಆಗಬಾರದು. ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಅಚ್ಚು ಮಾಡುವವನಿಗೇ ಪಾಠ ಹೇಳ್ತಾಳೆ ಎಂದು ಸಿಡುಕಬೇಡಿ. ಸ್ಟೀರಿಂಗಿನ ನಡುವೆ ಗಾಳಿಚೀಲ ಮಡಚಿಟ್ಟಿರುತ್ತದೆ. ಅದರ ಮೇಲೆ ನಾನು ಡಿಸೈನ್ ಮಾಡಿದ ಕವರ್. ಗಾಡಿ ಎಲ್ಲಾದರೂ ಗುದ್ದಿದರೆ ಕವರ್ ನಡುವೆ ಸೀಳಿ, ಎರಡು ಬಾಗಿಲ ಹಾಗೆ ತೆರೆದುಕೊಂಡು ಚೀಲಕ್ಕೆ ದಾರಿ ಬಿಡಬೇಕು. ಸೀಳಲಿ ಎಂದೇ ಒಳಮೈಯಲ್ಲಿ ಒಂದು ಸಣ್ಣ ಗೆರೆ ಇರುತ್ತದೆ. ಅದಕ್ಕೆ ಬೈತಲೆ ಎಂದು ಹೆಸರಿಟ್ಟವರು ನೀವು. ನಮ್ಮ ಬುಗುರಿ ಚಿಕ್ಕವಳಿದ್ದಾಗ, ಅವಳು ಶಾಲೆಗೆ ಹೊರಡುವ ಹೊತ್ತಿಗೆ ನಾನು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿರುತ್ತಿದ್ದೆ, ನೀವು ಅವಳ ತಲೆ ಬಾಚುತ್ತಿದ್ದಿರಿ. ಒಂದು ಕಡೆ ನಿಲ್ಲದ ಹುಡುಗಿ, ಹೆಸರಿಗೆ ತಕ್ಕ ಹಾಗೆ ತಿರುಗುತ್ತಲೇ ಇರುತ್ತಿದ್ದಳು. ಅವಳ ತಲೆಯನ್ನು ಮೊಣಕಾಲ ನಡುವೆ ಹಿಡಿದು, ನಿನ್ನ ಬೈತಲೆ ತೆಗೆಯೋದಕ್ಕಿಂತ ನಿಮ್ಮಮ್ಮನ ಕವರಿಗೆ ಬೈತಲೆ ತೆಗೆಯೋದು ಸುಲಭ ಎಂದಿರಿ ಒಂದು ದಿನ. ಅವತ್ತಿನಿಂದ ಆ ಗೆರೆಗೆ ನಮ್ಮಿಬ್ಬರ ನಡುವೆ ಬೇರೆ ಹೆಸರೇ ಇಲ್ಲ.

ಈ ಸ್ಟೀರಿಂಗಿನ ಮೊದಲ ಸಲದ ಕವರುಗಳು ಪರೀಕ್ಷೆಯಲ್ಲಿ ಸೊಗಸಾಗಿ ಬಿರಿದವು. ಆದರೆ ಕಾರು ಕಂಪನಿಯ ಆ ದಪ್ಪ ಕನ್ನಡಕದವರು ಕವರನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಗೆರೆ ಹೊರಗೆ ನೆರಳಿನ ಹಾಗೆ ಕಾಣುತ್ತದೆ ಎಂದು ಮೂಗು ಮುರಿದರು. ಸಂದು ಚೆನ್ನಾಗಿದೆ, ಹೊಲಿಗೆ ಚೆನ್ನಾಗಿದೆ, ಗೆರೆ ಮಾತ್ರ ಕಾಣಕೂಡದು ಎಂದರು. ಅವತ್ತೇ ನಾನು ನಿಮಗೆ ಮೆಸೇಜು ಮಾಡಿದೆ: ‘ಗೆರೆ ಕಾಣ್ತಿದೆ. ಬೈತಲೆ ಸರಿಯಾಗಿ ತೆಗೀರಿ.’

ನಾನು ಹೇಳಿದ್ದು ಮಗಳಿಗೆ ಬೈತಲೆ ತೆಗೆಯುವ ಹಾಗೆ, ಸಣ್ಣಗೆ, ನೇರವಾಗಿ, ಅಂಕುಡೊಂಕಿಲ್ಲದೆ ಎಂದು. ನೀವು ತಿಳಿದುಕೊಂಡದ್ದು ಕಲೆ ತೆಗೆಯುವ ಹಾಗೆ. ಅಚ್ಚಿನಲ್ಲಿ ಗೆರೆ ಮೂಡಿಸುತ್ತಿದ್ದ ಸಣ್ಣ ಏಣನ್ನು ಉಜ್ಜಿ ಸಮ ಮಾಡಿ, ಗೆರೆಯನ್ನೇ ಇಲ್ಲವಾಗಿಸಿದಿರಿ. ಗೆರೆಯನ್ನು ಇನ್ನು ಮೇಲೆ ಕಾರ್ಖಾನೆಯಲ್ಲೇ ಯಂತ್ರದಿಂದ ಕೊಯ್ದುಕೊಳ್ಳುತ್ತಾರೆ ಅಂದುಕೊಂಡೆ ಎಂದು ಚೀಟಿಯಲ್ಲಿ ಬರೆದಿದ್ದೀರಿ. ಒಂದು ಮಾತು ಕೇಳಬಹುದಿತ್ತಲ್ಲ? ಒಂದೇ ಮನೆಯಲ್ಲಿದ್ದಾಗ ಒಂದು ತಿರುಪಿನ ವಿಷಯಕ್ಕೆ ಅನ್ನ ಆರಿಹೋಗುವವರೆಗೆ ನನ್ನ ಜೊತೆ ಜಗಳ ಆಡುತ್ತಿದ್ದಿರಿ. ಮಾತು ಬಿಟ್ಟ ಮೇಲೆ ಬಹಳ ವಿಧೇಯರಾಗಿಬಿಟ್ಟಿರಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಕಳಿಸುವುದು. ಆ ವಿಧೇಯತೆಯೇ ನಮ್ಮ ತಲೆಯ ಮೇಲೆ ಬಿದ್ದಿದೆ.

ಹೊಸ ಕವರ್ ಬಂದ ದಿನ ನನಗೆ ಅಳು ಬಂದಿತ್ತು, ನಿಮಗೆ ಗೊತ್ತಾ? ಬೆಳಕಿಗೆ ಹಿಡಿದರೆ ನುಣ್ಣಗೆ, ಗೆರೆಯ ಸುಳಿವಿಲ್ಲ. ಸ್ಟೀರಿಂಗಿಗೆ ಕೂರಿಸಿದರೆ ಸುತ್ತಲೂ ಸಂದು ಒಂದೇ ಸಮ, ಉಗುರಿನಿಂದ ತಡವಿದರೂ ಎಲ್ಲೂ ಎಡವುವುದಿಲ್ಲ. ಹಾರ್ನ್ ಒತ್ತಿದರೆ ಎಲ್ಲೂ ಉಜ್ಜದೆ ಇಳಿದು ಏಳುತ್ತಿತ್ತು. ನನ್ನ ಮೇಲೆ ಇಷ್ಟು ಕೋಪ ಇಟ್ಟುಕೊಂಡೂ ಇಷ್ಟು ಚಂದ ಮಾಡಿ ಕಳಿಸಿದ್ದಾರಲ್ಲ ಎಂದು, ಯಾರೂ ನೋಡದಾಗ ಅದನ್ನು ಎದೆಗೊತ್ತಿಕೊಂಡೆ. ತಿರುಗಿಸಿ ನೋಡಲಿಲ್ಲ. ತಿರುಗಿಸಿ ನೋಡುವುದು ನನ್ನ ಕೆಲಸವಲ್ಲ, ಅದಕ್ಕೆ ಬೇರೆಯವರಿದ್ದಾರೆ. ಅವರು, ಡಿಸೈನಿನಮ್ಮ ನೋಡಿರ್ತಾರೆ ಎಂದುಕೊಂಡರಂತೆ. ಪರೀಕ್ಷೆ ಒಮ್ಮೆ ಆಗಿದೆಯಲ್ಲ, ಬರೀ ಅಂದಚಂದದ ತಿದ್ದುಪಡಿಗೆ ಮತ್ತೆ ಯಾಕೆ ಎಂದು ಮೇಲಿನವರೂ ಬಿಟ್ಟರು. ಹೀಗಾಗಿ ಇದು ಒಬ್ಬರ ತಪ್ಪು ಎಂದು ಬೆರಳು ಮಾಡುವ ಹಾಗಿಲ್ಲ. ಸದ್ಯಕ್ಕೆ.

ಈಗ ಆ ವಿಷಯ. ಒಂದು ಕಡೆ, ಒಂದೇ ಕಡೆ, ಗಾಡಿ ಸೇತುವೆಯ ಕಟ್ಟೆಗೆ ಗುದ್ದಿದಾಗ ಕವರ್ ಸೀಳಲಿಲ್ಲ. ಇಡಿಯಾಗಿ ಕಿತ್ತುಕೊಂಡು ಬಂತು. ಓಡಿಸುತ್ತಿದ್ದವಳು ಒಬ್ಬ ನರ್ಸ್, ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ಬದುಕಿದ್ದಾಳೆ. ಅವಳ ಮುಖದ ಬಗ್ಗೆ ನಿಮ್ಮ ಕಿವಿಗೆ ಬಿದ್ದದ್ದೆಲ್ಲ ನಿಜ ಇರಲಾರದು, ಜನ ಕಡ್ಡಿಯನ್ನು ಗುಡ್ಡ ಮಾಡುತ್ತಾರೆ. ಬೆಲ್ಟ್ ಸಡಿಲವಾಗಿತ್ತು ಎಂದು ನಮ್ಮ ಮ್ಯಾನೇಜರ್ ಹೇಳುತ್ತಾರೆ. ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಕಿತ್ತುಬಂದ ಆ ಕವರನ್ನು ಅಳತೆ ನೋಡಲು ನಿಮ್ಮ ವರ್ಕ್‌ಶಾಪಿಗೆ ಕಳಿಸಿದ್ದು ಸ್ಟೋರಿನವನ ಎಡವಟ್ಟು. ಕಳಿಸದಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ, ನಿದ್ದೆಯಾದರೂ ಬರುತ್ತಿತ್ತು. ಆ ಸ್ಟೋರಿನವನು ಈಗ ಕೆಲಸಕ್ಕೆ ಬರುತ್ತಿಲ್ಲ. ಯಾಕೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಅವನು ಕೂರುತ್ತಿದ್ದ ಸ್ಟೂಲನ್ನೂ ಯಾರೋ ಎತ್ತಿಟ್ಟಿದ್ದಾರೆ.

ಮ್ಯಾನೇಜರ್ ಕೆಟ್ಟವರಲ್ಲ. ನನ್ನನ್ನು ಒಳಗೆ ಕರೆದು, ಬಾಗಿಲು ತಾವೇ ಹಾಕಿ, ಚಹಾ ತರಿಸಿ, ಬಹಳ ಮೆತ್ತಗೆ ಮಾತಾಡಿದರು. ಪಕ್ಕದಲ್ಲಿ ಕೂತಿದ್ದ ಕಾರ್ಖಾನೆಯ ವಕೀಲರು ಚಹಾ ಮುಟ್ಟಲಿಲ್ಲ. ಅವರ ಯೋಚನೆ ಇಷ್ಟೇ. ಗಲಾಟೆ ಮಾಡಿ ಗಾಡಿಗಳನ್ನೆಲ್ಲ ವಾಪಸ್ ಕರೆಸಿದರೆ ಕಾರ್ಖಾನೆ ಮುಚ್ಚುತ್ತದೆ. ಸದ್ದಿಲ್ಲದೆ ಹೊಸ ಅಚ್ಚು ಮಾಡಿಸಿ, ಗಾಡಿಗಳು ಸರ್ವಿಸಿಗೆ ಬಂದ ಹಾಗೆಲ್ಲ ಕವರ್ ಬದಲಾಯಿಸಿದರೆ ಯಾರ ಮನೆಯೂ ಹಾಳಾಗುವುದಿಲ್ಲ. ಬರದೇ ಇರುವ ಗಾಡಿಗಳ ಕಥೆ ಏನು ಎಂದು ನೀವು ಕೇಳುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ಎಲ್ಲ ಗಾಡಿಯೂ ಗುದ್ದುವುದಿಲ್ಲವಲ್ಲ ಎಂದರು ಮ್ಯಾನೇಜರ್. ಎರಡೂ ಮನೆಗಳಿಗೆ ತಾವೇ ಹೋಗಿ ಸಮಾಧಾನ ಮಾಡಿ ಬರುತ್ತಾರಂತೆ.

ಹೌದು, ಎರಡು. ಬರೆದುಬಿಟ್ಟೆ, ಇನ್ನು ಹೊಡೆದುಹಾಕಿದರೆ ನೀವು ಬೆಳಕಿಗೆ ಹಿಡಿದು ಓದುತ್ತೀರಿ. ಎರಡನೆಯದರ ಬಗ್ಗೆ ಏನೂ ಕೇಳಬೇಡಿ. ಅದು ಮೊದಲಿನದರ ಹಾಗಲ್ಲ.

ಇನ್ನೊಂದು ಸಣ್ಣ ವಿಷಯ. ಆಫೀಸಿನವರು ನನಗೆ ಹೊಸ ಫೋನ್ ಕೊಟ್ಟು ಹಳೆಯದನ್ನು ತೆಗೆದುಕೊಂಡರು, ಮೆಸೇಜುಗಳೆಲ್ಲ ಅದರ ಜೊತೆಗೇ ಹೋದವು. ಡ್ರೈವರ್ ಕೈಯಲ್ಲಿ ನಿಮಗೂ ಒಂದು ಕಳಿಸಿದ್ದಾರೆ, ಒಳ್ಳೆಯ ಫೋನು. ನಿಮ್ಮ ಹಳೆಯ ಡಬ್ಬಾ ಫೋನನ್ನು ಅವನ ಕೈಗೆ ಕೊಟ್ಟುಬಿಡಿ. ಮೆಸೇಜಿನಲ್ಲಿ ‘ತೆಗೆ’ ಎಂದರೆ ಏನೆಲ್ಲ ಅರ್ಥವಾಗುತ್ತದೆ ಎಂದು ಒಮ್ಮೆ ನೋಡಿ ಆಯಿತಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ: ಫೋನ್ ಕೊಡಿ. ನಿಮ್ಮ ಬೀದಿಯಲ್ಲಿ ಎದುರಿಗೆ ಒಂದು ಬೂದು ಬಣ್ಣದ ಕಾರು ನಿಂತಿರುತ್ತದೆ ಎಂದು ಬುಗುರಿ ಹೇಳಿದಳು. ಅದರೊಳಗಿನವರು ನಿಮಗೇನೂ ಮಾಡುವುದಿಲ್ಲ. ಹಾಗೆಂದು ನನಗೆ ಮಾತು ಕೊಟ್ಟಿದ್ದಾರೆ.

ಚೀಟಿಯ ಕೊನೆಯ ಸಾಲು ನನಗೆ ಚುಚ್ಚಲಿ ಎಂದೇ ಬರೆದಿದ್ದೀರಿ, ಚುಚ್ಚಿತು. ಬುಗುರಿಯ ಕಾರಿನಲ್ಲೂ ಅದೇ ಕವರ್ ಇದೆ, ನಿನಗೆ ಹೊಟ್ಟೆಯಲ್ಲಿ ಏನೂ ಆಗಲ್ವಾ ಎಂದು. ಅದನ್ನೇ ನಾನೂ ನಿಮಗೆ ಹೇಳುತ್ತೇನೆ. ಹೆತ್ತವಳು ನಾನು. ಅಷ್ಟು ಅಪಾಯ ಇದ್ದಿದ್ದರೆ ಸುಮ್ಮನೆ ಕೂರುತ್ತಿದ್ದೆನೇ? ರಜೆ ಎಂದು ಅವಳು ನಿಮ್ಮಲ್ಲಿಗೆ ಹೊರಟಾಗ ಕಾರಿನ ಪಕ್ಕ ನಿಂತು ಕೈಬೀಸಿ ಕಳಿಸಿದವಳು ನಾನೇ. ಆಗ ನನಗೆ ಎಲ್ಲ ಗೊತ್ತಿತ್ತು. ಸ್ಟೀರಿಂಗಿನ ಮೇಲೆ ಅವಳ ಬೆರಳುಗಳು ನಾನು ಲೆಕ್ಕ ಹಾಕಿದ ಜಾಗದಲ್ಲೇ ಹೋಗಿ ಕೂತಿದ್ದವು, ನೋಡಿ ಹೆಮ್ಮೆಯೂ ಆಯಿತು. ಅವಳು ದಿನಾ ಆ ಕಾರಿನಲ್ಲಿ ಓಡಾಡುತ್ತಾಳೆ, ನಾನು ಹೊಟ್ಟೆ ತುಂಬ ಉಣ್ಣುತ್ತೇನೆ. ಇದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಯಾವ ಪರೀಕ್ಷೆಯವರು ಕೊಡುತ್ತಾರೆ?

ಹೋದರೆ ಏನಾಗುತ್ತದೆ ಎಂದೂ ಹೇಳಿಬಿಡುತ್ತೇನೆ. ಮೊದಲು ಕೇಳುವುದು, ಅಚ್ಚಿನ ಏಣನ್ನು ಉಜ್ಜಿದ ಕೈ ಯಾರದು ಎಂದು. ಯಾರು ಹೇಳಿ ಉಜ್ಜಿಸಿದರು ಎನ್ನುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಆಗ ನಾನು ನಿಮ್ಮ ಪಕ್ಕದಲ್ಲಿ ನಿಲ್ಲಲಾರೆ ರೀ, ನನ್ನನ್ನು ಮೇಜಿನ ಈಚೆ ಕಡೆ ಕೂರಿಸಿಬಿಟ್ಟಿದ್ದಾರೆ. ನಿಮ್ಮನ್ನು ಆಚೆ ಕಡೆಯ ಕುರ್ಚಿಯಲ್ಲಿ ನೆನೆಸಿಕೊಂಡರೆ ರಾತ್ರಿ ದೀಪ ಹಾಕಿಕೊಂಡು ಎದ್ದು ಕೂರುತ್ತೇನೆ. ಇದು ಬೆಣ್ಣೆಯಲ್ಲ.

ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ. ಹೊಸ ಅಚ್ಚು ನಿಮಗೇ ಕೊಡಿಸುತ್ತೇನೆ. ಈ ಸಲ ಮೆಸೇಜಿಲ್ಲ, ನಾನೇ ನಕ್ಷೆ ಹಿಡಿದುಕೊಂಡು ಬರುತ್ತೇನೆ. ವರ್ಕ್‌ಶಾಪಿನ ಮೇಲಿನ ಆ ಕೋಣೆಯಲ್ಲಿ ಇಬ್ಬರಿಗೆ ಜಾಗ ಸಾಲುತ್ತದೆಯೇ? ಗ್ರೀಸಿನ ಕೈಯಲ್ಲಿ ದಿಂಬು ಮುಟ್ಟಬಾರದು ಎಂಬ ನನ್ನ ಹಳೆಯ ಕಾನೂನು ಬೇಕಾದರೆ ಸಡಿಲಿಸೋಣ. ಒಬ್ಬಳೇ ಇದ್ದು ಸಾಕಾಗಿದೆ. ಮಾತಿಗೆ ಮಾತು ಕೊಡುವವರಿಲ್ಲದೆ ಗೋಡೆಗೆ ಬೈಯುವುದನ್ನು ಕಲಿತಿದ್ದೇನೆ, ಗೋಡೆ ನಿಮಗಿಂತ ಬೇಗ ಒಪ್ಪಿಕೊಳ್ಳುತ್ತದೆ.

ಕೆಳಗೆ ಡ್ರೈವರ್ ಮತ್ತೆ ಹಾರ್ನ್ ಒತ್ತುತ್ತಿದ್ದಾನೆ. ಹೆಂಡತಿಗೆ ದಿನ ತುಂಬಿದೆ, ಕತ್ತಲಾಗುವುದರೊಳಗೆ ಮನೆ ಸೇರಬೇಕಂತೆ. ಹೆಣ್ಣಾದರೆ ನಿಮ್ಮ ಹೆಸರೇ ಇಡ್ತೀನಕ್ಕಾ ಎಂದಿದ್ದಾನೆ. ಆ ಮಗುವಿಗೆ ಅಂಥ ಶಿಕ್ಷೆ ಯಾಕೋ ಎಂದು ನಕ್ಕೆ. ಅವನ ಮುಖ ನೋಡಿ ನಗುವುದು ಈಚೆಗೆ ಸ್ವಲ್ಪ ಕಷ್ಟವಾಗುತ್ತಿದೆ.

ಓದಿ ಹರಿದುಹಾಕಿ. ಸೋಮವಾರ ಮನೆಯಲ್ಲೇ ಇರಿ.

ಇಂತಿ,
ಇನ್ನೂ ನಿಮ್ಮ ಇವಳು

ವಿ.ಸೂ.: ಫೋನಿನ ಜೊತೆ ಡ್ರೈವರ್ ಇನ್ನೊಂದು ಡಬ್ಬಿ ಕೊಡುತ್ತಾನೆ. ಅದು ಮ್ಯಾನೇಜರಿಗೆ ಗೊತ್ತಿಲ್ಲ, ಬುಗುರಿಯ ಎದುರು ತೆರೆಯಬೇಡಿ. ಮೊದಲ ಸಲದ ಕವರ್ ಅದು, ಬೈತಲೆ ಇರುವುದು. ಬೇರೆ ಕೆಲಸ ಬಿಟ್ಟು ಇವತ್ತೇ ಅವಳ ಕಾರಿಗೆ ಹಾಕಿಬಿಡಿ. ಹಾಕುವವರೆಗೆ ಕಾರಿನ ಕೀ ನಿಮ್ಮ ಜೇಬಿನಲ್ಲೇ ಇರಲಿ, ಅತ್ತರೂ ಕೊಡಬೇಡಿ, ನನ್ನ ಮೇಲೆ ಆಣೆ. ಡಬ್ಬಿಯಲ್ಲಿ ಏನಿತ್ತು ಎಂದು ಡ್ರೈವರ್ ಕೇಳಿದರೆ ಹೇಳಬೇಡಿ. ಅವನ ವ್ಯಾನಿನ ಸ್ಟೀರಿಂಗಿನಲ್ಲಿರುವುದೂ ನಮ್ಮ ಹೊಸ ಕವರೇ. ಉಳಿದಿದ್ದದ್ದು ಇದೊಂದೇ.