ಕೋಬೋಲ್ಡ್ ಬಿಟ್ಟುಹೋದ ಕಲ್ಲು

೧೭೪೭, ಫೆಬ್ರವರಿ ೯

ರೊಟ್ಟಿ ಸುಟ್ಟೆ. ಒಲೆಯ ಬೂದಿ ತೆಗೆದೆ. ಕುಲುಮೆಮನೆಯಲ್ಲಿ ಸತ್ತ ಮೈದುನ ಲೊರೆನ್ಸ್‌ನ ಮಣ್ಣಾಗಿ ವಾರವಾಗಿಲ್ಲ, ಗಂಡ ಯೋಬ್ಸ್ಟ್ ಮತ್ತೆ ಅದೇ ಕಲ್ಲು ಹೊತ್ತು ತಂದ. ನೋಡಲು ಅಪ್ಪಟ ಬೆಳ್ಳಿ. ಕಾಯಿಸಿದರೆ ಬೆಳ್ಳಿಯ ಸುಳಿವೇ ಇಲ್ಲ. ಗಣಿಯ ಪಿಶಾಚಿ ಕೋಬೋಲ್ಡ್ ಬೆಳ್ಳಿ ಕದ್ದು ಇದನ್ನಿಟ್ಟು ಹೋಗುತ್ತಾನಂತೆ. ಕಲ್ಲಿಗೂ ಅವನದೇ ಹೆಸರು.

"ಬೇಡ ಕಣ್ರೀ" ಅಂದೆ.

"ಸುಮ್ನಿರೆ. ನನ್ ತಮ್ಮನ್ನ ತಿಂದವ್ನು ಅವ್ನು. ಹೊಟ್ಟೆ ಬಗೆದಾದ್ರೂ ಬೆಳ್ಳಿ ತೆಗೀತೀನಿ."

ಫೆಬ್ರವರಿ ೧೨

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಗ್ಗೆಯೇ ಯೋಬ್ಸ್ಟ್ ಕಲ್ಲು ಕಾಯಿಸಲು ಕುಲುಮೆಮನೆ ಹೊಕ್ಕಿದ್ದ. ಬಾಗಿಲು ಭದ್ರ. ಕಿಟಕಿಯ ಸಂದಿಗೆಲ್ಲ ಹಳೆ ಬಟ್ಟೆ — ಪಿಶಾಚಿ ನುಗ್ಗಬಾರದೆಂದು. ನಾನು ನೀರಿಗೆ ಹೋದೆ. ಬಾವಿಯ ಬಳಿ ಡ್ರೆಸ್ಡೆನ್‌ನಿಂದ ಬಂದ ಅದಿರು ಪರೀಕ್ಷಕ, ಟ್ಸೀಗ್ಲರ್ ಸಾಹೇಬರು.

"ನೀವು ಕೋಬೋಲ್ಡ್ ಅನ್ನೋ ಆ ಕಲ್ಲಿಗೆ ಯಾಕಮ್ಮ ಆ ಹೆಸ್ರು?"

ಹೇಳಿದೆ. ನಕ್ಕರು.

"ಸ್ವೀಡನ್‌ನಲ್ಲಿ ಅದ್ರಿಂದ ಹೊಸ ಲೋಹಾನೇ ತೆಗ್ದಿದಾರೆ. ನಿಮ್ ಪಿಶಾಚಿ ಹೆಸ್ರೇ ಇಟ್ಕೊಂಡಿದಾರೆ. ಕೋಬಾಲ್ಟ್ ಅಂತ!"

ಕೊಲೆಗಡುಕನ ಹೆಸರು ಲೋಹಕ್ಕೆ! ದೇವರೇ...

"ಪಿಶಾಚಿ ಎಲ್ಲಮ್ಮ? ಕಲ್ಲೊಳಗೆ ಪಾಷಾಣ ಅನ್ನೋ ವಿಷ ಇದೆ. ಕಾಯಿಸಿದ್ರೆ ಹೊಗೆಯಾಗಿ ಬರತ್ತೆ, ಬೆಳ್ಳುಳ್ಳಿ ವಾಸನೆ. ಬಾಗಿಲು ಹಾಕ್ಕೊಂಡು ಕೂತವ್ನು ಏಳಲ್ಲ."

ಲೊರೆನ್ಸ್‌ನ ಅಂಗಿ ಒಗೆದವಳು ನಾನು. ಅದೇ ವಾಸನೆ.

ಕೊಡ ಬಿಸುಟು ಓಡಿದೆ. ಸಾಹೇಬರೂ ಹಿಂದೆಯೇ ಬಂದರು. ಅಗುಳಿ ಮುರಿದೆವು. ಒಳಗೆ ವಾಂತಿಯಲ್ಲಿ ಬಿದ್ದಿದ್ದ. ಹೊರಗೆ ಹಿಮದ ಮೇಲೆ ಎಳೆದು ಹಾಕಿದೆವು. ಉಸಿರಿತ್ತು.

ಮಾರ್ಚ್ ೩, ಸಂಜೆ

ಇವತ್ತು ಗಂಜಿ ಕುಡಿದ. ಆ ವಿಷಕ್ಕೆ ಪಾದಗಳು ಮರಗಟ್ಟಿವೆ, ಚಿವುಟಿದರೂ ಗೊತ್ತಾಗುವುದಿಲ್ಲ. ಎಲ್ಲ ಹೇಳಿದೆ — ಪಿಶಾಚಿಯಲ್ಲ, ಹೊಗೆ. ಲೊರೆನ್ಸ್‌ನ ಸಾವಿಗೆ ಮುಚ್ಚಿದ ಬಾಗಿಲೇ ಕಾರಣ. ಭಯ ಬಿಟ್ಟೀತು ಎಂದುಕೊಂಡಿದ್ದೆ.

ಗೋಡೆಯ ಕಡೆ ಹೊರಳಿದ. ಆಮೇಲೆ —

"ಲೊರೆನ್ಸ್ ಒಳಗಿಂದ ಬಾಗಿಲು ಬಡಿದ ಕಣೇ."

"ಯಾವಾಗ?"

"ಸತ್ತ ದಿನ. 'ಅಣ್ಣಾ, ತೆಗಿ' ಅಂದ. ಅವ್ನ ದನೀಲಿ ಕೋಬೋಲ್ಡ್ ಕರೀತಿದಾನೆ ಅಂದ್ಕೊಂಡೆ. ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಸದ್ದು ನಿಲ್ಲೋವರ್ಗೂ."

ನನ್ನ ತೋಳು ಹಿಡಿದ.

"ಆ ಸಾಹೇಬ್ರಿಗೆ ತಪ್ಪಾಗಿರ್ಬೋದು ಅಲ್ವಾ? ಪಿಶಾಚಿನೇ ಅಲ್ವೇನೇ? ಹೇಳೇ..."

ಇದನ್ನು ಬರೆಯುವಾಗಲೂ ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದಾನೆ. ಪಿಶಾಚಿ ಅಲ್ಲವೆಂದರೆ, ತಮ್ಮನನ್ನು ಕೊಂದವನು ತಾನೇ ಎಂದು ಇವನು ಉಳಿಯಲಾರ. ಹೌದೆಂದರೆ ನಾಳೆ ಊರಲ್ಲಿ ಇನ್ನೊಬ್ಬ ಬಾಗಿಲು ಹಾಕಿಕೊಂಡು ಈ ಕಲ್ಲು ಕಾಯಿಸಿ ಸಾಯುತ್ತಾನೆ.

ಮತ್ತೆ ಕರೆದ. ಹೋಗಿ ಹೇಳುತ್ತೇನೆ —