ರಾಮಮ್ಮನ ಹೆಬ್ಬೆಟ್ಟು

೯-೨-೨೦೦೧, ಶುಕ್ರವಾರ. ಹೆಡತಲೆ.

ಸೀಗೆಪುಡಿ ಹಾಕಿ ಉಜ್ಜಿದರೂ ಬೆರಳಿನ ಮಸಿ ಹೋಗಿಲ್ಲ.

ನವೆಂಬರಿನಲ್ಲಿ ಮಸ್ಕತ್‌ನ ಮಗಳ ಮನೆಯಲ್ಲಿದ್ದೆ. ಪೆನ್ಷನ್ನಿಗೆ ಬೇಕಾದ, ನಾನು ಬದುಕಿದ್ದೇನೆ ಅನ್ನುವ ಸರ್ಟಿಫಿಕೇಟನ್ನು ಅಲ್ಲಿನ ರಾಯಭಾರ ಕಚೇರಿಯಲ್ಲಿ ಮಾಡಿಸಿ, ಸಹಿ ಹಾಕಿ ಕಳಿಸಿದ್ದೆ. ಅದು ತಲುಪುತ್ತೋ ಇಲ್ಲವೋ ಅಂತ ತಮ್ಮ ಕರಿಯಪ್ಪ ಇಲ್ಲೂ ಒಂದು ಮಾಡಿಸಿ ಕೊಟ್ಟಿದ್ದಾನೆ. ಯಾರೋ ಪರಿಚಯದ ಆಫೀಸರು ನನ್ನ ಮುಖವನ್ನೇ ನೋಡದೆ, 'ನನ್ನ ಮುಂದೆ ಹಾಜರಾಗಿದ್ದರು' ಅಂತ ಸೀಲು ಒತ್ತಿದ್ದಾನೆ. ಒಂದೇ ವಾರ ಎರಡು ದೇಶದಲ್ಲಿ ಬದುಕಿದ್ದಕ್ಕೆ ಪೆನ್ಷನ್ ನಿಂತಿದೆ.

ಅದನ್ನಾದರೂ ಸಹಿಸಬಹುದು. ಇಲ್ಲಿನ ಕಾಗದದಲ್ಲಿ ನನ್ನ ಹೆಸರಿನ ಕೆಳಗಿರುವುದು ಹೆಬ್ಬೆಟ್ಟು. ಮೂವತ್ತೆರಡು ವರ್ಷ ಟೀಚರಾಗಿದ್ದವಳ ಹೆಸರಿನ ಕೆಳಗೆ. ಒತ್ತಿದವಳು ಕರಿಯಪ್ಪನ ಹೆಂಡತಿ ರಾಮಮ್ಮ. ಇದೇ ಜಗಲಿಯಲ್ಲಿ ಅವಳ ಕೈ ಹಿಡಿದು ಸೈನು ತಿದ್ದಿಸಿದವಳು ನಾನು.

ಬೈದರೆ ಹೇಳುತ್ತಾಳೆ, "ನಿಮ್ ಸೈನ್ ನಾನ್ ಆಕುದ್ರೆ ಕಳ್ಳತನ ಆಯ್ತದೆ ಕಣಕ್ಕಾ. ಎಬ್ಬೆಟ್ಟಾದ್ರೆ ಯಾರ್ದಾದ್ರೇನು?" ತಮಾಷೆಗಲ್ಲ, ಹಾಗಂತಲೇ ನಂಬಿದ್ದಾಳೆ.

ಇವತ್ತು ಪೆನ್ಷನ್ ಆಫೀಸಿನಲ್ಲಿ ಸಹಿ ಮಾಡಲು ಪೆನ್ನು ತೆಗೆದರೆ ಗುಮಾಸ್ತ ಮಸಿ ಪ್ಯಾಡು ತಳ್ಳಿದ. ಅಷ್ಟು ಜನರೆದುರು ಒತ್ತಿದೆ. ಕಾಗದದ ಹೆಬ್ಬೆಟ್ಟಿಗೆ ತಾಳೆಯಾಗಲಿಲ್ಲ.

"ಹಂಗಾದ್ರೆ ಇದು ಯಾರ್ದು? ಬರ್ದುಕೊಡಿ, ಪೆನ್ಷನ್ ಬಿಡ್ತೀವಿ."

ಬರೆದುಕೊಟ್ಟರೆ ಅವಳ ಮೇಲೆ ಕೇಸು. ಬರೆಯದೆ ಎದ್ದು ಬಂದೆ.

ಊಟಕ್ಕೆ ಕೂತಾಗ ಮುದ್ದೆ ಬಡಿಸುತ್ತಾ ಹೇಳಿದಳು, "ಸೋಮಾರ ನಾನೇ ಬತ್ತೀನಿ ಬುಡಕ್ಕಾ. ನಂದೇ ಅಂತ ಬರ್ಸಿ, ಸೈನ್ ಆಕ್‌ಕೊಡ್ತೀನಿ. ನೀವೇ ಕಲ್ಸಿದ್ರಲ್ಲ."

ಕಲಿಸಲೇಬಾರದಿತ್ತು.