ಕಾರ್ಡಿನ ಎರಡನೇ ಹೆಸರು

ಜ್ಯೋತಿಯ ಅಪ್ಪನವರಿಗೆ,

ನೀವು ಮನೆ ಬಿಟ್ಟು ಒಂಬತ್ತು ವರ್ಷವಾಯಿತು. ಇದನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಹೇಳಬೇಕು. ನಾನು, ಮಗಳು ವಿಮಾನದಲ್ಲಿ ದಿಲ್ಲಿಗೆ, ನನ್ನ ತಮ್ಮನ ಮನೆಗೆ ಹೋಗಿ, ಬಿಟಿಎಂನ ಅದೇ ಬಾಡಿಗೆ ಮನೆಗೆ ನಿನ್ನೆ ಮರಳಿದೆವು.

ಶಾಲೆಗೆ ಬೇಗ ಸೇರಿಸಲೆಂದು ನೀವು ಬರೆಸಿದ ಜೂನ್ ಒಂದರ ಹುಟ್ಟಿದ ದಿನದ ಪ್ರಕಾರ ಅವಳಿಗೆ ಹದಿನೆಂಟು ತುಂಬಿತ್ತು. ಪಿಯುಸಿ ಮುಗಿದು ಕಾಲೇಜಿನ ಕಾರ್ಡು ವಾಪಸ್ ಕೊಟ್ಟಾಗಿತ್ತು; ಆಧಾರ್ ಎಂಬುದು ನಮ್ಮ ಕಡೆ ಇನ್ನೂ ಬಂದಿರಲಿಲ್ಲ. "ಹದಿನೆಂಟಾದ್ಮೇಲೆ ಫೋಟೋ ಇರೋ ಸ್ವಂತ ಕಾರ್ಡ್ ಬೇಕೇ ಬೇಕು" ಎಂದ ಟಿಕೆಟ್ ಏಜೆಂಟ್. ಉಳಿದದ್ದು ಮೂರೇ ವಾರ. ಜಯನಗರಕ್ಕೆ ಓಡಿ ಪ್ಯಾನ್ ಕಾರ್ಡಿಗೆ ಅರ್ಜಿ ಹಾಕಿದೆವು.

"ಮೇಡಂ, ಹುಡುಗಿ ತಂದೆ ಹೆಸರು ಹೇಳಿ" ಎಂದಳು ಕೌಂಟರಿನಾಕೆ. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂದು ಅವಳಿಗೇನು ಗೊತ್ತು? ಇಷ್ಟು ವರ್ಷದ ಸಿಟ್ಟಿನಲ್ಲಿ ನನಗೂ ಆ ಪದ್ಧತಿ ಮರೆತೇ ಹೋಗಿತ್ತು. ಬಾಯಿ ತೆರೆದರೆ ಹೆಸರು ಹೊರಡಲೇ ಇಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. "ಬಿಟ್ಟು ಹೋದೋರಿಗೆ ಇನ್ನೂ ಎಂಥಾ ಮರ್ಯಾದೆ ಅಮ್ಮಾ!" ಎಂದು ಜ್ಯೋತಿಯೇ ನಿಮ್ಮ ಹೆಸರನ್ನು ಜೋರಾಗಿ ಹೇಳಿ ಬರೆಸಿದಳು.

ಹೊರಡುವ ಹಿಂದಿನ ದಿನ ಅಂಚೆಯಲ್ಲಿ ಕಾರ್ಡು ಬಂತು. ಹೋದ ಜೀವ ಬಂದಂತಾಯಿತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಪೊಲೀಸಿನವನು ಅವಳ ಹೆಸರು, ಅದರ ಕೆಳಗೆ ನಿಮ್ಮ ಹೆಸರು ನೋಡಿ ಒಳಗೆ ಬಿಟ್ಟ.

ವಿಮಾನ ಮೇಲೇಳುವಾಗ ಕಿವಿಗಡಚಿಕ್ಕುವ ಸದ್ದು. ಮಗಳಿಗೆ ಕೇಳಿಸುವುದಿಲ್ಲವೆಂದು ಖಾತ್ರಿಯಾದ ಮೇಲೆ, ನಿಮ್ಮ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ.